ನೆಲ ಬಿಡಿ, ಗೋಡೆ ಹಿಡಿಯಿರಿ: ಪುಟ್ಟ ಗ್ಯಾರೇಜಿನ ಸದುಪಯೋಗ

ಮುಂಬಯಿಗೆ ಬಂದ ನಮ್ಮ ಹಿರಿಯರು ಹತ್ತು ಅಡಿ ಚೌಕದ ಖೋಲಿಯಲ್ಲಿ ಎಂಟು ಮಂದಿ ಸೇರಿ ಸಂಸಾರ ಹೂಡಿದವರು. ಅವರ ಮಕ್ಕಳಾದ ನಾವು ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಸರಿದೆವು. ಇನ್ನು ಕೆಲವರು ಖಾಡಿ ದಾಟಿ ನವಿ ಮುಂಬಯಿ ಸೇರಿದರು. ಹೀಗೆ ಬಂದವರಲ್ಲಿ ಕೆಲವರಿಗೆ, ಡೊಂಬಿವಲಿಯ ಎಂ.ಐ.ಡಿ.ಸಿ. ವಸತಿ ವಿಭಾಗದಲ್ಲೋ ನವಿ ಮುಂಬಯಿಯ ಸಾಲುಮನೆಗಳಲ್ಲೋ, ಮನೆಯೊಡನೆ ಒಂದು ಪುಟ್ಟ ಗ್ಯಾರೇಜೂ ದೊರೆತಿದೆ. ಅದರ ಷಟರು ಎತ್ತಿ ನೋಡಿದರೆ ಏನಿದೆ? ಮುರಿದ ಮಂಚ, ಹಳೆಯ ಟೈರು, ರದ್ದಿ ಕಾಗದದ ಕಟ್ಟು. ಜೀವಮಾನದ ಉಳಿತಾಯ ಸುರಿದು ಕೊಂಡ ಜಾಗದಲ್ಲಿ ರದ್ದಿ ಸುಖವಾಗಿ ಮಲಗಿದೆ. ಕಂತು ಕಟ್ಟುತ್ತಿರುವ ಗಾಡಿ ಹೊರಗೆ ಮಳೆಯಲ್ಲಿ ನೆನೆಯುತ್ತಿದೆ!

ಗ್ಯಾರೇಜು ಇಲ್ಲದವರು ಪುಟ ಮಗುಚಬೇಕಾಗಿಲ್ಲ. ಇಲ್ಲಿ ಹೇಳುವ ಬಹಳಷ್ಟು ಮಾತು ಅಂಗಡಿಯ ಗಾಳೆಗೂ ಬಾಲ್ಕನಿಗೂ ಸಲ್ಲುತ್ತದೆ.

ನಮ್ಮ ತಪ್ಪನ್ನೇ ಮೊದಲು ಹೇಳುತ್ತೇವೆ. ಮನೆಯಲ್ಲಿ ಜಾಗವಿಲ್ಲವೆಂದು ಒಂದು ತಗಡಿನ ಟ್ರಂಕನ್ನು ಗ್ಯಾರೇಜಿನ ನೆಲದ ಮೇಲೆ ಇಟ್ಟಿದ್ದೆವು. ಅದರಲ್ಲಿ ಊರಿನ ಜಮೀನಿನ ಕಾಗದಗಳು, ತಂದೆಯವರ ಪತ್ರಗಳು, ರಾತ್ರಿ ಶಾಲೆಯಲ್ಲಿ ಓದಿ ಪಡೆದ ಪ್ರಮಾಣಪತ್ರ ಇದ್ದವು. 2005ರ ಜುಲೈ 26ರ ಮಳೆ ಯಾರಿಗೆ ಮರೆತೀತು? ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್, ಅಂದರೆ ಮೂರು ಅಡಿಗೂ ಮಿಕ್ಕಿ ಸುರಿಯಿತು. ಕಲ್ಯಾಣದ ಕಡೆಯ ತಗ್ಗು ಪ್ರದೇಶಗಳೂ ಮುಳುಗಿದವು. ನಾವು ಆಫೀಸಿನಿಂದ ಮರುದಿನ ನಡೆದು ಮನೆ ಮುಟ್ಟಿದಾಗ ಟ್ರಂಕು ನೀರಿನಲ್ಲಿ ಕುಳಿತಿತ್ತು. ಜಮೀನಿನ ಕಾಗದದ ನಕಲು ಊರಿನಿಂದ ಮತ್ತೆ ಬಂದಿತು. ತಂದೆಯವರ ಕೈಬರಹ ಬರಲಿಲ್ಲ. ಎರಡು ಅಡಿ ಎತ್ತರದಲ್ಲಿ ಒಂದು ಹಲಗೆ ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು. ಈ ಪಾಠ ಬರೆಯಲು ಅದೇ ಕಾರಣ.

1. ಅದು ನಿಮ್ಮ ಗ್ಯಾರೇಜು ಹೌದೇ?

ಹಲಗೆ ಹೊಡೆಯುವ ಮೊದಲು ಕಾಗದ ನೋಡಿರಿ. 2016ರ ರೇರಾ ಕಾಯಿದೆಯ ಪ್ರಕಾರ ಗ್ಯಾರೇಜು ಎಂದರೆ ಮೇಲೆ ಸೂರು, ಮೂರು ಬದಿಗೆ ಗೋಡೆ ಇರುವ, ವಾಹನ ನಿಲ್ಲಿಸುವ ಸ್ಥಳ. ಕಟ್ಟಡದ ಕೆಳಗೆ ಕಂಬಗಳ ನಡುವೆ ಗೆರೆ ಎಳೆದ ಸ್ಟಿಲ್ಟ್ ಜಾಗ ಗ್ಯಾರೇಜಲ್ಲ. ದಹಿಸರದ ಒಂದು ಸೊಸೈಟಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2010ರ ಆಗಸ್ಟ್ 31ರಂದು, ಅಂಥ ಸ್ಟಿಲ್ಟ್ ಜಾಗವನ್ನು ಬಿಲ್ಡರನು ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಭಾಗ ಎಂದು ತೀರ್ಪಿತ್ತಿತು. ಆದುದರಿಂದ ಅಲ್ಲಿ ಗೋಡೆ ಕಟ್ಟುವುದು, ಕಪಾಟು ನಿಲ್ಲಿಸುವುದು ಬೇಡ. ಸ್ವಂತ ಗ್ಯಾರೇಜಿದ್ದರೂ ಅದನ್ನು ಅಂಗಡಿ ಮಾಡುವ, ಬಾಡಿಗೆಗೆ ಮನೆಯಾಗಿ ಕೊಡುವ ಮೊದಲು ಸೊಸೈಟಿ ಮತ್ತು ಮಹಾನಗರಪಾಲಿಕೆಯ ಒಪ್ಪಿಗೆ ಕೇಳಿರಿ.

2. ಲೆಕ್ಕ ಮಾಡಿರಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗ್ಯಾರೇಜಿನ ಅಗಲ 9 ಅಡಿ, ಉದ್ದ 16 ಅಡಿ, ಎತ್ತರ 8 ಅಡಿ ಇರಲಿ. ನೆಲ 144 ಚದರ ಅಡಿ. ಮೂರು ಗೋಡೆಗಳನ್ನು ಕೂಡಿಸಿದರೆ 328 ಚದರ ಅಡಿ! ನೆಲದ ಎರಡು ಪಟ್ಟಿಗೂ ಹೆಚ್ಚಾಯಿತು. ವ್ಯಾಗನ್ ಆರ್‌ನಂಥ ಸಣ್ಣ ಕಾರು ಸುಮಾರು 12 ಅಡಿ ಉದ್ದ, 5 ಅಡಿ 4 ಅಂಗುಲ ಅಗಲ. ಅದನ್ನು ಎಡಗೋಡೆಗೆ ಎಂಟು ಅಂಗುಲ ಬಿಟ್ಟು ನಿಲ್ಲಿಸಿದರೆ, ಬಲಗಡೆ ಬಾಗಿಲು ತೆರೆದು ಇಳಿಯಲು ಮೂರು ಅಡಿ ಉಳಿಯುತ್ತದೆ. ಷಟರಿನ ಕಡೆ ಒಂದು ಅಡಿ ಬಿಟ್ಟರೂ ಹಿಂಗೋಡೆಯ ಬಳಿ ಮೂರು ಅಡಿ ಸಿಗುತ್ತದೆ. ಪ್ರತಿದಿನ ಅದೇ ಸ್ಥಳದಲ್ಲಿ ಗಾಡಿ ನಿಲ್ಲಬೇಕಾದರೆ ಸೂರಿನಿಂದ ದಾರ ಕಟ್ಟಿ ಒಂದು ರಬ್ಬರ್ ಚೆಂಡು ಇಳಿಬಿಡಿರಿ. ಮುಂಗಾಜಿಗೆ ಚೆಂಡು ತಾಕಿತೆಂದರೆ ಬ್ರೇಕು ಒತ್ತಿರಿ.

3. ಅಜ್ಜಿಯ ಮನೆಯ ಪಾಠ

ಗೋಡೆಯನ್ನು ಬಳಸುವ ವಿದ್ಯೆ ನಮಗೆ ಹೊಸದಲ್ಲ. ಊರಿನ ಮನೆಯನ್ನು ನೆನೆಯಿರಿ. ಅಂಗಿ, ಕೊಡೆಗಳಿಗೆ ಗೋಡೆಯ ಗೂಟ, ದೀಪಕ್ಕೆ ಗೂಡು, ಹಾಲು ಮೊಸರಿಗೆ ನೆಲುವು, ತೆಂಗಿನಕಾಯಿ, ಹಳೆಯ ಪಾತ್ರೆಗಳಿಗೆ ಅಟ್ಟ. ನೆಲದ ಮೇಲೆ ಮನುಷ್ಯರು ಮಾತ್ರ. ಈ ನಾಲ್ಕನ್ನೇ ಗ್ಯಾರೇಜಿಗೆ ತನ್ನಿರಿ.

ಗೂಟದಲ್ಲಿ ಪೊರಕೆ, ಪೈಪು, ಏಣಿ, ಮಕ್ಕಳ ಸೈಕಲು ತೂಗಲಿ. ಗೂಡಿನ ಬದಲು ಎಡಗೋಡೆಯ ಮೇಲೆ, ಕಾರಿನ ತಲೆಗಿಂತ ಎತ್ತರದಲ್ಲಿ, ಅಂದರೆ ಆರು ಅಡಿಯ ಮೇಲೆ, ಒಂದು ಅಡಿ ಅಗಲದ ಹಲಗೆ ಬರಲಿ. ಹಗುರ ಸಾಮಾನು ಮಾತ್ರ ಅಲ್ಲಿರಲಿ. ಹಿಂಗೋಡೆಗೆ ರಂಧ್ರದ ಕಬ್ಬಿಣಪಟ್ಟಿಯ ರ‍್ಯಾಕು ನಿಲ್ಲಿಸಿರಿ. ನಾಲ್ಕಂಗುಲದ ತೆಳು ಇಟ್ಟಿಗೆಗೋಡೆಗೆ ಮೊಳೆ ಹೊಡೆದು ಭಾರ ನೇತುಹಾಕಿದರೆ ಗೋಡೆಯೇ ಕಿತ್ತು ಬಂದೀತು. ಭಾರದ ರ‍್ಯಾಕು ತನ್ನ ಕಾಲಿನ ಮೇಲೆ ತಾನೇ ನಿಲ್ಲಲಿ. ಅದರ ಕೆಳಗಿನ ತಟ್ಟು ನೆಲದಿಂದ ಎರಡು ಅಡಿ ಮೇಲಿರಲಿ. ಅದಕ್ಕೆ ಕಡಪ ಕಲ್ಲು ಹಾಸಿದರೆ ನೀರು ಬಂದರೂ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಉಳಿದ ಹಿಂಗೋಡೆಗೆ ಕೀಲು ಹಾಕಿ ಒಂದೂವರೆ ಅಡಿ ಅಗಲದ ಮಡಿಸುವ ಮೇಜು ಕೂಡಿಸಿರಿ. ಬೇಕಾದಾಗ ಇಳಿಸಿ, ಬೇಡವಾದಾಗ ಮಡಚಿರಿ.

ಆದರೆ ದಾಖಲೆ, ಪತ್ರ, ಪುಸ್ತಕಗಳು ಎಷ್ಟು ಎತ್ತರದಲ್ಲಿದ್ದರೂ ಗ್ಯಾರೇಜಿನಲ್ಲಿ ಬೇಡ. ನಮ್ಮ ಕೊಂಕಣ ಕರಾವಳಿಯ ನಾಲ್ಕು ತಿಂಗಳ ತೇವ ಅವನ್ನು ಬೂಷ್ಟಿಗೆ ಕೊಡುತ್ತದೆ.

4. ಬೆಂಕಿ ಮತ್ತು ಹೊಗೆ

ಇದೊಂದನ್ನು ಮನೆಯವರಿಗೆಲ್ಲ ಓದಿ ಹೇಳಿರಿ. ಪೆಟ್ರೋಲಿನ ಆವಿಯೂ ಅಡಿಗೆ ಗ್ಯಾಸೂ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಕಿಡಿಗಾಗಿ ಕಾಯುತ್ತವೆ. ಪೆಟ್ರೋಲಿನ ಡಬ್ಬಿ, ಹೆಚ್ಚಿನ ಸಿಲಿಂಡರು ಅಲ್ಲಿ ಇಡಬೇಡಿರಿ. ಷಟರು ಮುಚ್ಚಿ ಎಂಜಿನು ನಡೆಸಲೇಬೇಡಿರಿ: ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತೆ ಮಾಡಿ ಪ್ರಾಣ ತೆಗೆಯುತ್ತದೆ. ವಿದ್ಯುತ್ ಸ್ಕೂಟರಿದ್ದರೆ ಅರ್ಥಿಂಗ್ ಸರಿಯಿರುವ ದೊಡ್ಡ ಸಾಕೆಟಿಗೇ ಹಚ್ಚಿರಿ. ಎಕ್ಸ್‌ಟೆನ್ಷನ್ ವಯರು ಬೇಡ, ಪಕ್ಕದಲ್ಲಿ ರದ್ದಿ ಕಾಗದ ಬೇಡ.

5. ತೆರವಾದ ಜಾಗದಲ್ಲಿ ಏನು?

ಅಮೆರಿಕೆಯ ಪಾಲೊ ಆಲ್ಟೊ ಊರಿನಲ್ಲಿ 12 ಅಡಿಗೆ 18 ಅಡಿಯ ಒಂದು ಗ್ಯಾರೇಜಿದೆ. 1939ರಲ್ಲಿ ಹ್ಯೂಲೆಟ್ ಮತ್ತು ಪ್ಯಾಕಾರ್ಡ್ ಎಂಬ ಇಬ್ಬರು ಗೆಳೆಯರು 538 ಡಾಲರ್ ಬಂಡವಾಳದಿಂದ ತಮ್ಮ ಕಂಪನಿಯನ್ನು ಅಲ್ಲಿ ಹೂಡಿದರು. ಅದು ಮುಂದೆ ಜಗತ್ತಿನ ದೊಡ್ಡ ಕಂಪನಿಗಳಲ್ಲೊಂದಾಯಿತು. ಅಷ್ಟು ದೂರವೇಕೆ? ಕಿರ್ಲೋಸ್ಕರರ ಉದ್ಯಮ 1888ರಲ್ಲಿ ನಮ್ಮ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದಲೇ ಮೊದಲಾಯಿತು.

ಎಲ್ಲರೂ ಕಿರ್ಲೋಸ್ಕರರಾಗಬೇಕಿಲ್ಲ. ಗಾಡಿ ಹೊರಗೆ ಹೋದ ಹಗಲಿನಲ್ಲಿ ಆ ಮಡಿಸುವ ಮೇಜಿನ ಮೇಲೆ ಮನೆಯಾಕೆಯ ಹೊಲಿಗೆ ಯಂತ್ರ ಕೂತೀತು. ಪರೀಕ್ಷೆಯ ದಿನಗಳಲ್ಲಿ ಮಗನೋ ಮಗಳೋ ಟಿ.ವಿ. ಗಲಾಟೆಯಿಲ್ಲದೆ ಓದಿಯಾರು. ಮುಚ್ಚಿದ ಖೋಲಿಗಿಂತ ಷಟರು ಅರ್ಧ ಎತ್ತಿದ ಗ್ಯಾರೇಜಿನಲ್ಲಿ ಗಾಳಿ ಹೆಚ್ಚು.

ಬರುವ ಭಾನುವಾರ ಎಲ್ಲ ಸಾಮಾನನ್ನೂ ಹೊರಗೆ ತೆಗೆಯಿರಿ. ವರ್ಷದಿಂದ ಮುಟ್ಟದ್ದನ್ನು ಭಂಗಾರಿನವನಿಗೆ ಕೊಡಿರಿ. ಉಳಿದದ್ದಕ್ಕೆ ಗೋಡೆಯಲ್ಲಿ ಸ್ಥಳ ಹುಡುಕಿರಿ. ಟ್ರಂಕೊಂದು ನೆಲದ ಮೇಲಿದ್ದರೆ ಅದನ್ನು ಮಾತ್ರ ಭಾನುವಾರದವರೆಗೆ ಕಾಯಿಸಬೇಡಿರಿ. ಈ ರಾತ್ರಿಯೇ ಒಳಗೆ ತನ್ನಿರಿ.