ನಿಂತ ನೀರು ಮತ್ತು ಜ್ವರ: ಸಾಗುವಳಿದಾರರು ತಿಳಿಯತಕ್ಕ ವಿಷಯಗಳು

ಪೀಠಿಕೆ

ಹೊಲದ ಕಳೆಯನ್ನು ಬೀಜ ಕಟ್ಟುವುದಕ್ಕೆ ಮೊದಲೇ ಕೀಳಬೇಕೆಂಬುದು ಒಕ್ಕಲುತನದವರೆಲ್ಲರಿಗೂ ತಿಳಿದ ವಿಷಯ. ಬೀಜ ಉದುರಿದ ಮೇಲೆ ಕಿತ್ತರೆ ಮುಂದಿನ ವರ್ಷದ ಕೂಲಿಯೂ ಅದಕ್ಕೇ ಹೋಗುವುದು. ಅಡಕೆಯ ಕೊಳೆರೋಗಕ್ಕೂ ಇದೇ ನ್ಯಾಯ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಜೀವಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ ಅವರು ಆ ರೋಗದ ಮೂಲವನ್ನು ಪರೀಕ್ಷಿಸಿ, ಮೈಲುತುತ್ತ ಸುಣ್ಣದ ದ್ರಾವಣವನ್ನು ಗೊನೆ ಕೊಳೆಯುವುದಕ್ಕೆ ಮೊದಲೇ ಸಿಂಪಡಿಸಬೇಕೆಂದು ತೋಟಗಾರರಿಗೆ ಮಾಡಿ ತೋರಿಸಿದರು. ರೋಗ ಬಂದ ಮೇಲೆ ಪಡುವ ಶ್ರಮಕ್ಕಿಂತ ಬರುವುದಕ್ಕೆ ಮೊದಲು ಪಡುವ ಶ್ರಮ ಅಲ್ಪವೆಂಬುದನ್ನು ಅಂದಿನಿಂದ ರೈತರು ಒಪ್ಪಿಕೊಂಡಿದ್ದಾರೆ.

ಆದರೆ ಗೊನೆಯ ವಿಷಯದಲ್ಲಿ ತೋರುವ ಈ ಎಚ್ಚರವನ್ನು ಮನೆಯ ಮಕ್ಕಳ ವಿಷಯದಲ್ಲಿ ತೋರುವವರು ಕಡಿಮೆ. ನಾಟಿಯ ಕಾಲವೂ ಜ್ವರದ ಕಾಲವೂ ಒಂದೇ ಆಗಿವೆ. ದುಡಿಯುವ ಆಳು ನಾಟಿಯ ವಾರದಲ್ಲಿ ಹಾಸಿಗೆ ಹಿಡಿದರೆ ಆ ವರ್ಷದ ಫಸಲಿಗೇ ಕುಂದು ಬರುವುದು. ಫಸಲಿನ ನಷ್ಟವನ್ನು ಮರುವರ್ಷ ತುಂಬಿಕೊಳ್ಳಬಹುದು, ಕೂಸಿನ ನಷ್ಟವನ್ನು ತುಂಬಿಕೊಳ್ಳಲಾಗದು. ಆದುದರಿಂದ ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಪ್ರತಿಯೊಬ್ಬ ಹಿಡುವಳಿದಾರನೂ ತಿಳಿದಿರತಕ್ಕದ್ದು.

ಈ ವಿಷಯ ತಿಳಿದುಬಂದ ಬಗೆ

೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದರು. ಅವರ ಬಿಡಾರದಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಹುಡುಕಿ ನೋಡಲು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಮಿಜಿಗುಟ್ಟುತ್ತಿದ್ದುದು ಕಂಡಿತು. ತೊಟ್ಟಿಯನ್ನು ಬೋರಲು ಹಾಕಿಸಿದ ಮೇಲೆ ಕಾಟವು ಬಹುಮಟ್ಟಿಗೆ ತಗ್ಗಿತು. ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವುಂಟೆಂಬುದು ಆಗ ಅವರಿಗೂ ತಿಳಿದಿರಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ, ೧೮೯೭ನೆಯ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ ಅವರೇ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. ೧೯೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಸೂಕ್ಷ್ಮದರ್ಶಕದಿಂದ ತಿಳಿದ ಈ ಸತ್ಯಕ್ಕೆ ಮದ್ದು ಮಾತ್ರ ಬೆಂಗಳೂರಿನ ಆ ತೊಟ್ಟಿಯಲ್ಲಿಯೇ ಇತ್ತು.

ಸೊಳ್ಳೆಯ ಜೀವನಕ್ರಮ

ಸೊಳ್ಳೆಗೆ ಮೊಟ್ಟೆ, ಮರಿ, ಗೂಡುಹುಳು, ರೆಕ್ಕೆಯ ಸೊಳ್ಳೆ ಎಂಬ ನಾಲ್ಕು ಅವಸ್ಥೆಗಳುಂಟು. ಮರಿಯೂ ಗೂಡುಹುಳುವೂ ನೀರಿನಲ್ಲಿಯೇ ಬೆಳೆಯುವುವು. ನೀರಿಲ್ಲದೆ ಸೊಳ್ಳೆ ಹುಟ್ಟದು. ನಮ್ಮ ಸೀಮೆಯ ಬಿಸಿಲಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ಸುಮಾರು ೮ರಿಂದ ೧೦ ದಿನ ಹಿಡಿಯುವುದು. ಗಂಡು ಸೊಳ್ಳೆ ಕಚ್ಚುವುದಿಲ್ಲ. ಹೆಣ್ಣು ಸೊಳ್ಳೆಯು ಮೊಟ್ಟೆ ಬಲಿಯಲು ರಕ್ತ ಬೇಕಾದುದರಿಂದ ಕಚ್ಚುವುದು. ರೋಗಿಯನ್ನು ಕಚ್ಚಿದ ಸೊಳ್ಳೆಯೇ ಕೆಲವು ದಿನಗಳ ತರುವಾಯ ಆರೋಗ್ಯವಂತನಿಗೆ ರೋಗವನ್ನು ದಾಟಿಸುವುದು.

ಇದನ್ನು ನಂಬದವರು ಸ್ವತಃ ಪರೀಕ್ಷಿಸಿ ನೋಡಬಹುದು. ದನದ ಬಾನಿಯಿಂದಾಗಲಿ ಹಳೆಯ ಡ್ರಮ್ಮಿನಿಂದಾಗಲಿ ಮರಿಗಳಿರುವ ನೀರನ್ನು ಗಾಜಿನ ಲೋಟಕ್ಕೆ ತುಂಬಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ ಇಡತಕ್ಕದ್ದು. ಮರಿಗಳು ಉಸಿರಾಡಲು ಮತ್ತೆ ಮತ್ತೆ ಮೇಲಕ್ಕೆ ಬರುವುದು ಕಾಣುವುದು. ಕೆಲವೇ ದಿನಗಳಲ್ಲಿ ಬಟ್ಟೆಯ ಕೆಳಗೆ ಸೊಳ್ಳೆಗಳು ಕುಳಿತಿರುವುವು. ಶಾಲೆಯ ಮಕ್ಕಳ ಎದುರಿಗೆ ಇದನ್ನು ಮಾಡಿ ತೋರಿಸಿದರೆ ಹತ್ತು ಭಾಷಣಗಳಿಗಿಂತ ಹೆಚ್ಚು ಫಲವುಂಟು. ನೋಡಿಯಾದ ಮೇಲೆ ಬಟ್ಟೆ ಬಿಚ್ಚದೆ ಬಿಸಿನೀರು ಹುಯ್ದು ಅವನ್ನು ಕೊಲ್ಲಬೇಕು.

ಸೀಮೆಗೆ ತಕ್ಕ ಸೊಳ್ಳೆ

ಎಲ್ಲ ಸೊಳ್ಳೆಯೂ ಒಂದೇ ಜಾತಿಯದಲ್ಲ. ಒಂದೊಂದು ಜಾತಿಯೂ ಒಂದೊಂದು ಬಗೆಯ ನೀರನ್ನು ಹುಡುಕುವುದು. ಆದುದರಿಂದ ಉಪಾಯವೂ ಸೀಮೆಯಿಂದ ಸೀಮೆಗೆ ಬೇರೆಯಾಗತಕ್ಕದ್ದು.

ಹೊನ್ನಾಳಿ, ನ್ಯಾಮತಿ: ಇಲ್ಲಿ ತುಂಗಭದ್ರೆಯ ದಂಡೆಯೂ ಕಾಲುವೆಯ ಗದ್ದೆಗಳೂ ಇವೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಬೇಸಿಗೆಯಲ್ಲಿ ಹೊಳೆ ತಗ್ಗಿದಾಗ ಮರಳಿನಲ್ಲಿ ಉಳಿಯುವ ಗುಂಡಿಗಳಲ್ಲಿಯೂ, ಕಾಲುವೆಯ ಬದಿಯ ಜಿನುಗು ನೀರಿನಲ್ಲಿಯೂ, ಎಳೆಯ ಪೈರಿನ ಗದ್ದೆಯಲ್ಲಿಯೂ ಮೊಟ್ಟೆಯಿಡುವುದು. ಇದು ರಾತ್ರಿ ಕಚ್ಚುವುದು. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯೊಂದು ಹಂದಿ ಮತ್ತು ನೀರುಹಕ್ಕಿಗಳಿಂದ ಮಕ್ಕಳಿಗೆ ಮಿದುಳುಜ್ವರವನ್ನು ತರುವುದು. ಹಂದಿಯ ದೊಡ್ಡಿ ಮನೆಗಳಿಂದ ದೂರವಿರಬೇಕು. ಈ ಜ್ವರಕ್ಕೆ ಲಸಿಕೆ ಕೊಡುವ ಕಡೆಗಳಲ್ಲಿ ಅದನ್ನು ತಪ್ಪದೆ ಹಾಕಿಸಬೇಕು.

ಗದ್ದೆಯ ನೀರನ್ನು ವಾರಕ್ಕೊಮ್ಮೆ ಒಂದೆರಡು ದಿನ ಬಸಿದು ನೆಲ ಒಣಗಿಸಿದರೆ ಮರಿಗಳು ರೆಕ್ಕೆ ಬರುವುದಕ್ಕೆ ಮೊದಲೇ ಸಾಯುವುವು; ನೀರೂ ಉಳಿಯುವುದು. ಹೂವಾಡುವ ಕಾಲದಲ್ಲಿ ಮಾತ್ರ ಹೀಗೆ ಒಣಗಿಸಬಾರದು. ಒಬ್ಬನ ಗದ್ದೆ ಒಣಗಿ ನೆರೆಯವನ ಗದ್ದೆಯಲ್ಲಿ ನೀರು ನಿಂತಿದ್ದರೆ ಪ್ರಯೋಜನವಿಲ್ಲ; ಒಂದು ತೂಬಿನ ಕೆಳಗಿನವರೆಲ್ಲರೂ ಕೂಡಿ ದಿನ ಗೊತ್ತುಮಾಡಿಕೊಳ್ಳಬೇಕು.

ಚನ್ನಗಿರಿ: ಸೂಳೆಕೆರೆಯ ನೀರೂ ೧೯೬೦ರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟಿನ ನಾಲೆಯ ನೀರೂ ಈ ಸೀಮೆಗೆ ಅಡಕೆಯ ಸಂಪತ್ತನ್ನು ಕೊಟ್ಟಿವೆ. ತೋಟದಲ್ಲಿ ಉದುರಿದ ಹಾಳೆಯು ದೋಣಿಯಂತೆ ಮಗುಚಿಕೊಂಡು ಮಳೆನೀರು ಹಿಡಿಯುವುದು. ಮೈಮೇಲೆ ಬಿಳಿಯ ಪಟ್ಟೆಯಿರುವ ಈಡಿಸ್ ಸೊಳ್ಳೆಗೆ ಅಷ್ಟೇ ಸಾಕು. ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಈ ಸೊಳ್ಳೆ ಹಗಲಿನಲ್ಲಿ, ಮುಖ್ಯವಾಗಿ ಬೆಳಗ್ಗೆ ಮತ್ತು ಸಂಜೆಯ ಮುಂದೆ, ಕಚ್ಚುವುದು. ತೋಟಕ್ಕೆ ಹೋದ ಆಳುಗಳೇ ಮೊದಲು ಬೀಳುವರು. ಹಾಳೆಗಳನ್ನು ವಾರಕ್ಕೊಮ್ಮೆ ಆಯ್ದು ನೆರಳಿಗೆ ಒಟ್ಟಬೇಕು, ಅಥವಾ ಸೀಳಿ ಬುಡಕ್ಕೆ ಹೊದಿಸಬೇಕು. ಎಳನೀರಿನ ಬುರುಡೆ, ಒಡೆದ ಮಡಕೆ, ಹಳೆಯ ಟೈರುಗಳನ್ನು ತೋಟದಲ್ಲಿ ಬಿಡಬಾರದು.

ಜಗಳೂರು: ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಸೊಳ್ಳೆಯೂ ಕಡಿಮೆಯೆಂದು ಎಣಿಸುವುದು ತಪ್ಪು. ನೀರು ಅಪರೂಪವಾದ ಕಡೆ ಜನರು ಬಂದ ದಿನ ತುಂಬಿ ಹಲವು ದಿನ ಇಡುವರು. ಈಡಿಸ್ ಸೊಳ್ಳೆಯು ಕೆರೆಗಿಂತ ಇಂಥ ತೊಟ್ಟಿ, ಡ್ರಮ್ಮು, ಗುಡಾಣಗಳನ್ನೇ ಮೆಚ್ಚುವುದು. ಇಲ್ಲಿಯವರಿಗೆ ನೀರನ್ನು ಚೆಲ್ಲಿರೆಂದು ಹೇಳುವುದು ನ್ಯಾಯವಲ್ಲ. ಡ್ರಮ್ಮಿನ ಬಾಯಿಗೆ ಹಳೆಯ ಸೀರೆಯ ಎರಡು ಪದರವನ್ನು ಬಿಗಿಯಾಗಿ ಕಟ್ಟಿದರೆ ಸೊಳ್ಳೆ ಒಳಗೆ ಹೋಗದು. ಮರಿ ಕಂಡರೆ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಬಹುದು. ಒಂದು ಕೊಡವೂ ನಷ್ಟವಾಗದು. ಈಡಿಸ್ ಮೊಟ್ಟೆಯು ನೀರಿನ ಮಟ್ಟದ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವವುಳ್ಳದ್ದಾಗಿರುವುದು. ಆದುದರಿಂದ ಬರಿದಾದ ತೊಟ್ಟಿಯನ್ನು ತೆಂಗಿನ ನಾರಿನಿಂದಾಗಲಿ ಬ್ರಷ್ಷಿನಿಂದಾಗಲಿ ತಿಕ್ಕದೆ ಮತ್ತೆ ತುಂಬಬಾರದು.

ಮಾಡಬಾರದ ಕೆಲಸಗಳು

ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯ ನೀರಿಗಾಗಲಿ ದನದ ಬಾನಿಗಾಗಲಿ ಹಾಕಬಾರದು. ಮರಿ ಸಾಯುವುದಕ್ಕೆ ಮೊದಲು ಮನುಷ್ಯನಿಗೆ ಅಪಾಯ. ೧೯೨೮ರ ಸುಮಾರಿನಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಂಬೂಸಿಯ ಮೀನು ಮರಿಗಳನ್ನು ತಿನ್ನುವುದು ನಿಜ. ಆದರೆ ಅದು ನಾಡಮೀನಿನ ಮೊಟ್ಟೆ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುವುದರಿಂದ ಕೆರೆ ಹಳ್ಳಗಳಿಗೆ ಬಿಡತಕ್ಕದ್ದಲ್ಲ. ಆರೋಗ್ಯ ಇಲಾಖೆಯವರು ಕೊಡುವ ಮೀನನ್ನು ಅವರು ತೋರಿಸಿದ ಬಾವಿ, ತೊಟ್ಟಿಗಳಲ್ಲಿ ಮಾತ್ರ ಸಾಕಬೇಕು.

ಜ್ವರ ಬಂದಾಗ

ಚಳಿ ನಡುಕದಿಂದ ಬಂದು ಬೆವತು ಬಿಡುವ ಜ್ವರವಾದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮಲೇರಿಯಾ ಎಂದು ತಿಳಿದರೆ ಕೊಟ್ಟ ಗುಳಿಗೆಗಳನ್ನು ಪೂರ್ತಿ ಮುಗಿಸಬೇಕು. ಒಂದು ಜಾತಿಯ ರೋಗಾಣು ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಪುನಃ ಎದ್ದುಬರುವುದು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದವರಿಗೇ ಈ ಕಷ್ಟ.

ಡೆಂಗ್ಯೂ ಜ್ವರದಲ್ಲಿ ತಲೆನೋವು, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು ಅತಿಯಾಗಿರುವುವು. ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಅಂಗಡಿಯಿಂದ ತಂದು ನುಂಗಬಾರದು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಮಂಪರು ಕಂಡರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಿದರೆ ಮನೆಯ ಉಳಿದವರಿಗೆ ರಕ್ಷಣೆ.

ಊರಿನ ಮುಖಂಡರ ಕರ್ತವ್ಯ

ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರದು. ಮನೆಯಲ್ಲಿ ಕಚ್ಚುವುದು ಬಹುಮಟ್ಟಿಗೆ ಆ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಹುಟ್ಟಿದುದೇ. ಹೀಗಿರುವುದರಿಂದ ಒಬ್ಬನ ಉದಾಸೀನಕ್ಕೆ ನೆರೆಯವನ ಮಗು ದಂಡ ತೆರುವುದು. ೨೦೨೪ರಲ್ಲಿ ಕರ್ನಾಟಕ ಸರಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಆದರೆ ದಂಡಕ್ಕಿಂತ ಊರ ಹಿರಿಯರ ಮಾತಿಗೆ ಹೆಚ್ಚು ಬೆಲೆ. ಹಿರಿಯರು ಮೊದಲು ತಮ್ಮ ಮನೆಯ ಬಾನಿಯನ್ನು ಎಲ್ಲರೆದುರಿಗೆ ತಿಕ್ಕಿಸಿ, ಆಮೇಲೆ ಇತರರಿಗೆ ಹೇಳತಕ್ಕದ್ದು.

ಸಾರಾಂಶ

೧. ವಾರದಲ್ಲಿ ಒಂದು ದಿನವನ್ನು ಊರಿಗೆಲ್ಲ ಒಣದಿನವೆಂದು ಗೊತ್ತುಮಾಡಿ, ತೊಟ್ಟಿ, ಬಾನಿ, ಡ್ರಮ್ಮುಗಳನ್ನು ತಿಕ್ಕಿ ಒಣಗಿಸುವುದು.
೨. ಚೆಲ್ಲಲಾಗದ ನೀರನ್ನು ಬಟ್ಟೆ ಕಟ್ಟಿ ಮುಚ್ಚುವುದು, ಮರಿಯಿದ್ದರೆ ಸೋಸುವುದು.
೩. ಅಡಕೆಯ ಹಾಳೆಗಳನ್ನು ವಾರಕ್ಕೊಮ್ಮೆ ಆಯುವುದು.
೪. ಒಂದು ತೂಬಿನ ಗದ್ದೆಗಳನ್ನು ಒಟ್ಟಿಗೆ ಬಸಿಯುವುದು. ಕಾಲುವೆಯ ಬದಿಯ ಗುಂಡಿಗಳನ್ನು ಮುಚ್ಚುವುದು.
೫. ರಾತ್ರಿ ಸೊಳ್ಳೆಪರದೆಯಲ್ಲಿ ಮಲಗುವುದು. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸುವುದು.

ಸೊಳ್ಳೆಗೆ ರೆಕ್ಕೆ ಬರಲು ಎಂಟು ದಿನ ಬೇಕು. ತೊಟ್ಟಿ ತಿಕ್ಕಲು ಅರ್ಧ ಗಳಿಗೆ ಸಾಕು. ಏಳನೆಯ ದಿನವನ್ನು ತಪ್ಪಿಸದಿರುವುದರಲ್ಲಿಯೇ ಊರಿನ ಕ್ಷೇಮವಿದೆ.