ಕಂಬ ನೆಟ್ಟರೆ ಹಕ್ಕಿ ಬರುತ್ತಾ?

ಫಸ್ಟ್ ಇಯರ್‌ನಲ್ಲಿ ನಾವು ನಾಲ್ಕು ಜನ ಸೇರಿ ಹಾಸ್ಟೆಲ್ ಹಿಂದಿನ ಮರಗಳಿಗೆ ಆರು ಪೆಟ್ಟಿಗೆ ಕಟ್ಟಿದ್ವಿ, ಗುಬ್ಬಚ್ಚಿ ಗೂಡು ಮಾಡಲಿ ಅಂತ. ವರ್ಕ್‌ಶಾಪ್‌ನಲ್ಲಿ ಉಳಿದಿದ್ದ ಪ್ಲೈವುಡ್. ಅಳತೆ ಸರಿಯಾಗಿತ್ತು, ಫಿನಿಶಿಂಗ್ ಕೂಡ ಚೆನ್ನಾಗಿತ್ತು. ವರ್ಷ ಕಳೀತು, ಒಂದು ಗುಬ್ಬಿಯೂ ಬರಲಿಲ್ಲ. ಒಂದು ಪೆಟ್ಟಿಗೆಯಲ್ಲಿ ಕಣಜ ಗೂಡು ಕಟ್ಟಿತು, ಅಷ್ಟೇ ನಮ್ಮ ಸಾಧನೆ.

ಡಿಸೈನ್ ಎಲ್ಲಿ ತಪ್ಪಾಯ್ತು ಅಂತ ಓದೋಕೆ ಕೂತಾಗ ಸಿಕ್ಕಿದ್ದು ಆಸ್ಪ್ರೇ ಎಂಬ ಹಕ್ಕಿಯ ಕಥೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಈ ಹಕ್ಕಿಗೋಸ್ಕರ ಜನ ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಂಬ ನೆಟ್ಟು, ಮೇಲೆ ಅಟ್ಟಣೆ ಕಟ್ಟುತ್ತಾ ಬಂದಿದ್ದಾರೆ. ವಿಚಿತ್ರ ಏನಂದ್ರೆ, ಅದೇ ಅಟ್ಟಣೆ ಒಮ್ಮೆ ಸೋತಿತು, ಒಮ್ಮೆ ಭರ್ಜರಿಯಾಗಿ ಗೆದ್ದಿತು, ಈಗ ಕೆಲವು ಕಡೆ ಮತ್ತೆ ಸೋಲ್ತಾ ಇದೆ. ಯಾಕೆ ಅನ್ನೋದೇ ಈ ಲೇಖನ.

ಮೊದಲು ಹಕ್ಕಿಯ ಬಗ್ಗೆ

ಆಸ್ಪ್ರೇ ಒಂದು ದೊಡ್ಡ ಗಿಡುಗ. ತೂಕ ಒಂದೂವರೆಯಿಂದ ಎರಡು ಕೆಜಿ, ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್‌ಗಿಂತ ಹೆಚ್ಚು ಅಗಲ. ಊಟ ಹೆಚ್ಚುಕಡಿಮೆ ಪೂರ್ತಿ ಮೀನೇ. ಮೇಲಿನಿಂದ ಕಾಲು ಮುಂದೆ ಮಾಡಿ ನೀರಿಗೆ ಬೀಳುತ್ತೆ. ಹೊರಗಿನ ಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲದು. ಅಂಗಾಲಲ್ಲಿ ಸಣ್ಣ ಮುಳ್ಳುಗಳಿವೆ. ಹಾಗಾಗಿ ಜಾರುವ ಮೀನೂ ಬಿಗಿಯಾಗಿ ಸಿಗುತ್ತೆ.

ಗೂಡಿಗೆ ಇದು ಕೇಳೋದು ಮೂರೇ: ಎತ್ತರ, ಸುತ್ತಲೂ ಬಯಲು, ಹತ್ತಿರದಲ್ಲಿ ನೀರು. ಒಣಗಿದ ಮರದ ತುದಿ ಇದಕ್ಕೆ ಇಷ್ಟ. ಆದರೆ ಕರಾವಳಿಯಲ್ಲಿ ಮನೆಗಳು ಎದ್ದಂತೆ ಅಂಥ ಮರಗಳು ಹೋದವು. ಆಗ ಹಕ್ಕಿ ಕರೆಂಟ್ ಕಂಬದ ಮೇಲೆ ಗೂಡು ಕಟ್ಟುತ್ತೆ. ಒದ್ದೆ ಕಡ್ಡಿ ಎರಡು ತಂತಿಗಳ ನಡುವೆ ಬಿದ್ದರೆ ಏನಾಗುತ್ತೆ ಅಂತ ಇಇಇ ಬ್ರಾಂಚ್‌ನವರಿಗೆ ಹೇಳಬೇಕಿಲ್ಲ. ಅಲ್ಲಿನ ವಿದ್ಯುತ್ ಕಂಪನಿಗಳೇ ಎಷ್ಟೋ ಕಡೆ ಪಕ್ಕದಲ್ಲಿ ಇನ್ನೂ ಎತ್ತರದ ಕಂಬ ನೆಟ್ಟು, ಅದರ ಮೇಲೆ ಅಟ್ಟಣೆ ಮಾಡಿಕೊಡ್ತವೆ.

ಅಟ್ಟಣೆ ಹೇಗಿರುತ್ತೆ?

ನೋಡೋಕೆ ತುಂಬಾ ಸಿಂಪಲ್. ಜವುಗು ನೆಲದಲ್ಲಿ ಮೂರು ನಾಲ್ಕು ಮೀಟರ್ ಎತ್ತರದ ಮರದ ಕಂಬ. ಮೇಲೆ ಸುಮಾರು 90 ಸೆಂಟಿಮೀಟರ್ ಚೌಕದ ಹಲಗೆ ಚೌಕಟ್ಟು, ಸುತ್ತ ಕಡ್ಡಿ ಜಾರದಂತೆ ಅಂಚುಪಟ್ಟಿ. ತಳ ಮುಚ್ಚಿರಬಾರದು. ಹಲಗೆಗಳ ನಡುವೆ ಸಂದು ಬಿಡಬೇಕು, ಇಲ್ಲವೇ ತಂತಿಬಲೆ ಹಾಕಬೇಕು. ಇಲ್ಲಾಂದ್ರೆ ಮಳೆನೀರು ನಿಂತು ಮೊಟ್ಟೆ ತಣ್ಣಗಾಗುತ್ತೆ. ಕಂಬದ ನಡುವೆ ನುಣುಪಾದ ತಗಡು ಸುತ್ತಿದರೆ ರಕೂನ್ ಎಂಬ ಪ್ರಾಣಿ ಹತ್ತಿ ಮೊಟ್ಟೆ ಕದಿಯೋಕೆ ಆಗಲ್ಲ. ಕೆಲವರು ಮೇಲೆ ನಾಲ್ಕು ಕಡ್ಡಿ ಇಟ್ಟು ಗೂಡಿಗೆ ಶುರು ಹಚ್ಚಿಯೇ ಬರ್ತಾರೆ. ಹಕ್ಕಿಗಳು ವಸಂತದಲ್ಲಿ ವಾಪಸ್ ಬರೋದಕ್ಕೆ ಮೊದಲೇ ಈ ಕೆಲಸ ಮುಗಿದಿರಬೇಕು.

ಒಂದು ಲೆಕ್ಕ ಮಾಡೋಣ. ಆಸ್ಪ್ರೇ ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುತ್ತೆ. ಒದ್ದೆ ಗೂಡು 150 ಕೆಜಿ ಅಂತಿಟ್ಟುಕೊಳ್ಳಿ. ಕಂಬ 10 ಸೆಂಟಿಮೀಟರ್ ಚೌಕ ಅಂದ್ರೆ ನೇರ ಒತ್ತಡ ಬರೀ 0.15 ಮೆಗಾಪಾಸ್ಕಲ್. ಏನೂ ಅಲ್ಲ. ಈಗ ಗಾಳಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬೀಸಲಿ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ 540 ಪಾಸ್ಕಲ್. ಗೂಡಿನ ಪಕ್ಕ 0.9 ಮೀಟರ್ ಅಗಲ, 0.6 ಮೀಟರ್ ಎತ್ತರ. ಡ್ರ್ಯಾಗ್ ಗುಣಾಂಕ 1.2 ತಗೊಂಡರೆ ಬಲ ಸುಮಾರು 350 ನ್ಯೂಟನ್. ಅದು ನೆಲದಿಂದ 4 ಮೀಟರ್ ಮೇಲೆ ತಳ್ಳುತ್ತೆ, ಅಂದ್ರೆ ಬುಡದಲ್ಲಿ 1400 ನ್ಯೂಟನ್ ಮೀಟರ್ ಮೊಮೆಂಟ್. ಬಾಗುವ ಒತ್ತಡ ಸುಮಾರು 8.4 ಮೆಗಾಪಾಸ್ಕಲ್ ಬರುತ್ತೆ. ನೇರ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚು!

ಅಂದ್ರೆ ಇಲ್ಲಿ ಗೂಡಿನ ಭಾರ ದೊಡ್ಡ ಸಮಸ್ಯೆಯೇ ಅಲ್ಲ, ಗಾಳಿ ಸಮಸ್ಯೆ. ಮರ ಇದನ್ನು ತಡೆದುಕೊಂಡರೂ ಮೆತ್ತಗಿನ ಜವುಗು ಮಣ್ಣು ತಡೀಬೇಕಲ್ಲ? ಅದಕ್ಕೇ ಕಂಬವನ್ನು ಆಳಕ್ಕೆ ಹೂಳೋದು. ಯಾವ ಲೋಡ್ ನಿಜವಾಗಿ ಕಂಬವನ್ನು ಬೀಳಿಸುತ್ತೆ ಅಂತ ಗುರುತಿಸೋದು ಮೊದಲ ಕೆಲಸ. ಈ ಮಾತು ನೆನಪಿಟ್ಟುಕೊಳ್ಳಿ, ಹಕ್ಕಿಯ ವಿಷಯದಲ್ಲೂ ಇದೇ ಬರುತ್ತೆ.

ಅಟ್ಟಣೆ ಇತ್ತು, ಮರಿ ಇರಲಿಲ್ಲ

1940ರ ಸುಮಾರಿಗೆ ನ್ಯೂಯಾರ್ಕ್ ನಗರದಿಂದ ಬಾಸ್ಟನ್‌ವರೆಗಿನ ಕರಾವಳಿಯಲ್ಲಿ ಅಂದಾಜು 1000 ಆಸ್ಪ್ರೇ ಗೂಡುಗಳಿದ್ದವು. 1960ರ ದಶಕ ಮುಗಿಯೋ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಭಾಗ ಹೋಗಿತ್ತು. ಕನೆಕ್ಟಿಕಟ್ ನದಿ ಸಮುದ್ರ ಸೇರುವ ಓಲ್ಡ್ ಲೈಮ್ ಊರಿನ ಸುತ್ತಲೂ ಇದೇ ಕಥೆ. ಹಕ್ಕಿಗಳ ಫೀಲ್ಡ್ ಗೈಡ್ ಬರೆದು ಹೆಸರಾದ ರೋಜರ್ ಟೋರಿ ಪೀಟರ್ಸನ್ 1954ರಲ್ಲಿ ಅಲ್ಲಿಗೆ ಬಂದು ನೆಲೆಸಿದ್ದರು. ಅವರ ಕಣ್ಣೆದುರೇ ಗೂಡುಗಳು ಖಾಲಿಯಾದವು.

ಮೊದಲ ಅನುಮಾನ ಬಿದ್ದಿದ್ದು ರಕೂನ್ ಮೇಲೆ. ಸರಿ, ಅವು ಹತ್ತಲಾಗದಂಥ ಕಂಬ ನೆಟ್ಟು ಅಟ್ಟಣೆ ಮಾಡಿದರು. ಹಕ್ಕಿಗಳು ಬಂದವು, ಮೊಟ್ಟೆಯನ್ನೂ ಇಟ್ಟವು. ಆದರೆ ಹೆಚ್ಚಿನ ಮೊಟ್ಟೆ ಒಡೆದು ಮರಿ ಬರಲೇ ಇಲ್ಲ. ನಮ್ಮ ಪ್ಲೈವುಡ್ ಪೆಟ್ಟಿಗೆ ಥರಾನೇ: ರಚನೆಯಲ್ಲಿ ತಪ್ಪಿಲ್ಲ, ಫಲಿತಾಂಶ ಸೊನ್ನೆ.

ಮೊಟ್ಟೆ ಅದಲುಬದಲು

ಇಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಬರುತ್ತೆ. ತಪ್ಪು ಜಾಗದಲ್ಲಿದೆಯಾ, ತಂದೆತಾಯಿ ಹಕ್ಕಿಗಳಲ್ಲಿದೆಯಾ, ಮೊಟ್ಟೆಯಲ್ಲಿದೆಯಾ? 1968 ಮತ್ತು 1969ರಲ್ಲಿ ಪಾಲ್ ಸ್ಪಿಟ್ಜರ್ ಎಂಬ ಯುವಕ ಮತ್ತು ಜೊತೆಗಾರರು ಮೇರಿಲ್ಯಾಂಡ್‌ನ ಗೂಡುಗಳಿಂದ ಮೊಟ್ಟೆ ತಂದು ಕನೆಕ್ಟಿಕಟ್ ಗೂಡುಗಳಲ್ಲಿ ಇಟ್ಟರು. ಇಲ್ಲಿನ ಮೊಟ್ಟೆ ಅಲ್ಲಿಗೆ ಹೋಯ್ತು. ಮೇರಿಲ್ಯಾಂಡ್‌ನಲ್ಲಿ ಹಕ್ಕಿಗಳ ಸ್ಥಿತಿ ಇಷ್ಟು ಕೆಟ್ಟಿರಲಿಲ್ಲ.

ಮೇರಿಲ್ಯಾಂಡ್ ಮೊಟ್ಟೆಗಳು ಕನೆಕ್ಟಿಕಟ್ ಹಕ್ಕಿಗಳ ಕಾವಿನಲ್ಲಿ ಎಂದಿನಂತೆ ಮರಿಯಾದವು. ಕನೆಕ್ಟಿಕಟ್ ಮೊಟ್ಟೆಗಳು ಮೇರಿಲ್ಯಾಂಡ್‌ಗೆ ಹೋದರೂ ಸುಧಾರಿಸಲಿಲ್ಲ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ನಾವು ಐಸಿಯನ್ನು ಪಕ್ಕದವರ ಬೋರ್ಡಿಗೆ ಹಾಕಿ ನೋಡ್ತೀವಲ್ಲ, ಅದೇ ವಿಧಾನ. ತಪ್ಪು ಮೊಟ್ಟೆಯಲ್ಲೇ ಇತ್ತು.

ಮೊಟ್ಟೆಯಲ್ಲಿದ್ದದ್ದು ಡಿಡಿಟಿ ಕೀಟನಾಶಕದಿಂದ ಹುಟ್ಟುವ ಡಿಡಿಇ. ಪಿಯುಸಿ ಬಯಾಲಜಿ ಓದಿದವರಿಗೆ ಆ ಚಿತ್ರ ನೆನಪಿರಬಹುದು: ಪ್ಲಾಂಕ್ಟನ್‌ನಲ್ಲಿ 0.04 ಪಿಪಿಎಂ, ದೊಡ್ಡ ಮೀನಿನಲ್ಲಿ 2 ಪಿಪಿಎಂ, ತುದಿಯಲ್ಲಿ ಮೀನು ತಿನ್ನುವ ಹಕ್ಕಿ. ಆ ತುದಿಯ ಹಕ್ಕಿ ಇದೇ ಥರದ್ದು. ಡಿಡಿಇ ಸೇರಿದರೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಸರಿಯಾಗಿ ಕೂರಲ್ಲ. ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತೆ.

ಗೆದ್ದ ಕಾಲ, ಮತ್ತೆ ಸೋಲು

1972ರಲ್ಲಿ ಅಮೆರಿಕ ಡಿಡಿಟಿಯನ್ನು ಹೊಲಗದ್ದೆಗೆ ಸಿಂಪಡಿಸೋದನ್ನು ನಿಷೇಧಿಸಿತು. ಮೊಟ್ಟೆ ಮತ್ತೆ ಗಟ್ಟಿಯಾಯ್ತು. ಈಗ ಕೊರತೆ ಇದ್ದದ್ದು ಗೂಡಿಗೆ ಜಾಗದ್ದು, ಆ ಕೊರತೆಯನ್ನು ಅಟ್ಟಣೆಗಳು ತುಂಬಿದವು. ಚೆಸಾಪೀಕ್ ಕೊಲ್ಲಿಯಲ್ಲಿ 1973ರಲ್ಲಿ ಸುಮಾರು 1450 ಜೋಡಿ ಇದ್ದದ್ದು 1990ರ ದಶಕದ ನಡುವಿಗೆ ಸುಮಾರು 3500 ಆಯ್ತು. ಅಲ್ಲಿ ಬಹುಪಾಲು ಗೂಡುಗಳು ಇರೋದು ಮನುಷ್ಯ ಕಟ್ಟಿದ ರಚನೆಗಳ ಮೇಲೆಯೇ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಅದೇ ಕೊಲ್ಲಿಯ ಮೊಬ್‌ಜಾಕ್ ಭಾಗದಲ್ಲಿ ಈಗ ಮರಿಗಳು ಹಸಿವಿನಿಂದ ಸಾಯ್ತಿವೆ. ಸಂಶೋಧಕರು ಕೆಲವು ಗೂಡುಗಳಿಗೆ ತಾವೇ ಮೆನ್‌ಹೇಡನ್ ಮೀನು ಕೊಟ್ಟು ನೋಡಿದರು. ಮೀನು ಕೊಟ್ಟ ಗೂಡಿನಲ್ಲಿ ಸರಾಸರಿ 1.13 ಮರಿ ಬೆಳೆದವು, ಕೊಡದ ಗೂಡಿನಲ್ಲಿ 0.47. ಸಂಖ್ಯೆ ಕುಸಿಯದೆ ನಿಲ್ಲೋಕೆ ಸುಮಾರು 1.15 ಬೇಕು. ಅಲ್ಲಿ ಇನ್ನೂ ನೂರು ಕಂಬ ನೆಟ್ಟರೂ ಈ ಲೆಕ್ಕ ಬದಲಾಗಲ್ಲ.

ನಮ್ಮ ಕರಾವಳಿಯಲ್ಲಿ ನೆಡೋಣವೇ?

ಕಾರವಾರದ ಹತ್ತಿರ ಒಂದು ಕಂಬ ಹಾಕಿದ್ರೆ ಹೇಗೆ ಅಂತ ನನಗೂ ಮೊದಲು ಅನ್ನಿಸಿತ್ತು. ಬೇಡ. ಆಸ್ಪ್ರೇ ಕರ್ನಾಟಕಕ್ಕೂ ಬರುತ್ತೆ, ಆದರೆ ಚಳಿಗಾಲ ಕಳೆಯೋಕೆ. ಬೇಸಿಗೆ ಬರ್ತಾ ಇದ್ದಂತೆ ಉತ್ತರಕ್ಕೆ ಹೋಗಿ ಅಲ್ಲಿ ಮರಿ ಮಾಡುತ್ತೆ. ಇಲ್ಲಿ ಅದಕ್ಕೆ ಬೇಕಾಗಿರೋದು ಗೂಡಲ್ಲ, ಮೀನಿರುವ ಶುದ್ಧ ಅಳಿವೆ ಮತ್ತು ಕೆರೆ. ಡಿಸೆಂಬರ್ ರಜೆಯಲ್ಲಿ ಯಾವುದಾದ್ರೂ ಹಿನ್ನೀರಿನ ಹತ್ತಿರ ಹೋದರೆ, ನೀರಿನ ನಡುವಿನ ಒಣ ಮರದ ತುದಿಯನ್ನು ಒಮ್ಮೆ ನೋಡಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಇರುವ, ಎದೆ ಬಿಳಿಯ ಗಿಡುಗ ಕೂತಿದ್ದರೆ ಅದೇ.

ಇನ್ನು ನಮ್ಮ ಪೆಟ್ಟಿಗೆಗಳು. ಗುಬ್ಬಿ ಮರಿಗಳಿಗೆ ಮೊದಮೊದಲು ಕಾಳು ಸಾಲಲ್ಲ, ಹುಳ ಬೇಕು. ಹಾಸ್ಟೆಲ್ ಹಿಂದಿನ ಲಾನ್‌ಗೆ ನಿಯಮಿತವಾಗಿ ಔಷಧಿ ಹೊಡೀತಾರೆ, ಅಲ್ಲಿ ಹುಳ ಎಲ್ಲಿಂದ ಬರಬೇಕು? ಕಾರಣ ಇದೇ ಅಂತ ಇನ್ನೂ ಸಾಬೀತಾಗಿಲ್ಲ, ಇದು ನಮ್ಮ ಅನುಮಾನ ಅಷ್ಟೇ. ಹಾಗಾಗಿ ಈ ಸೆಮಿಸ್ಟರ್ ಎರಡು ಪೆಟ್ಟಿಗೆಗಳನ್ನು ಔಷಧಿ ಬೀಳದ ಕ್ಯಾಂಟೀನ್ ಹಿಂಭಾಗಕ್ಕೆ ಸಾಗಿಸಿ, ನಾಲ್ಕನ್ನು ಇದ್ದಲ್ಲೇ ಬಿಟ್ಟಿದ್ದೀವಿ. ವಾರಕ್ಕೊಮ್ಮೆ ನೋಡಿ ಬರೆದಿಡೋಕೆ ಇನ್ನಿಬ್ಬರು ಬೇಕು. ಆಸಕ್ತಿ ಇದ್ದವರು ಸಂಘದ ಸಭೆಯಲ್ಲಿ ಸಿಗಿ.