ಜ್ವರಕ್ಕೆ ಕೂತ ಹುಳು, ಮಾತು ನಿಲ್ಲಿಸಿದ ಮಗು
(ಎಂಟನೇ ತರಗತಿಯಲ್ಲಿ ರೇಷ್ಮೆ ಹುಳುವಿನ ಮೂಲಕ ಹದಿಹರೆಯದ ಪಾಠ: ಒಂದು ಬೋಧನಾ ಅಭ್ಯಾಸ ವರದಿ)

ಪೀಠಿಕೆ

ನಮ್ಮ ಮಕ್ಕಳಿಗೆ ಎಂಟನೇ ತರಗತಿ ದೊಡ್ಡದೊಂದು ದಾಟು. ಏಳನೆಯವರೆಗೆ ಊರಿನಲ್ಲೋ ಪಕ್ಕದೂರಿನಲ್ಲೋ ಕಲಿತವರು ಪ್ರೌಢಶಾಲೆಗೆ ಬರುತ್ತಾರೆ. ಬಸ್ಸು ಹೊಸದು, ಕಟ್ಟಡ ಹೊಸದು, ವಿಷಯಕ್ಕೊಬ್ಬ ಶಿಕ್ಷಕರು ಬಂದು ಹೋಗುವ ಪದ್ಧತಿ ಹೊಸದು. ಕೆಲವರಿಗೆ ಮಾಧ್ಯಮವೂ ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ. ಇವೆಲ್ಲದರ ನಡುವೆ ಮೈಯೂ ಬದಲಾಗತೊಡಗುತ್ತದೆ. ಹೀಗೆ ಎಲ್ಲವೂ ಒಟ್ಟಿಗೆ ಬದಲಾಗುವ ವರ್ಷದಲ್ಲೇ ವಿಜ್ಞಾನ ಪುಸ್ತಕದಲ್ಲಿ ಪ್ರಾಣಿಗಳ ಸಂತಾನೋತ್ಪತ್ತಿ ಮತ್ತು ಹದಿಹರೆಯವನ್ನು ಕುರಿತ ಪಾಠಗಳೂ ಬರುತ್ತವೆ.

ನನ್ನ ಬೋಧನಾ ಅಭ್ಯಾಸಕ್ಕೆ ಸಿಕ್ಕಿದ್ದು ರಾಮನಗರದ ಸಮೀಪದ ಒಂದು ಪ್ರೌಢಶಾಲೆಯ ಎಂಟನೇ ತರಗತಿ, ಇಂಗ್ಲಿಷ್ ಮಾಧ್ಯಮದ ವಿಭಾಗ. ಮೊದಲ ವಾರದ ವೀಕ್ಷಣೆಯಲ್ಲಿ ನಾನು ಗುರುತು ಹಾಕಿಕೊಂಡದ್ದು ಒಂದೇ ಸಂಗತಿ: ಆಟದ ಮೈದಾನದಲ್ಲಿ ಬಾಯಿ ಮುಚ್ಚದ ಮಕ್ಕಳಲ್ಲಿ ಹಲವರು ತರಗತಿಯೊಳಗೆ ಬಾಯಿ ತೆರೆಯುತ್ತಿರಲಿಲ್ಲ. ಈ ಮೌನವನ್ನು ಶಿಕ್ಷಕರು ಹೇಗೆ ಓದಬೇಕು, ಅದರ ಮುಂದೆ ಏನು ಮಾಡಬೇಕು ಎಂಬುದೇ ಈ ಲೇಖನದ ಪ್ರಶ್ನೆ. ಉತ್ತರದ ಹೆಚ್ಚಿನ ಪಾಲು ನನಗೆ ಸಿಕ್ಕಿದ್ದು ಮಕ್ಕಳ ಮನೆಯ ರೇಷ್ಮೆ ತಟ್ಟೆಯಿಂದ.

ಪಾಠದ ಆಯ್ಕೆ ಮತ್ತು ಉದ್ದೇಶಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಶಾಲೆಯಲ್ಲಿ ರೂಪಾಂತರವನ್ನು ಕಲಿಸಲು ಕಪ್ಪೆಯ ಚಿತ್ರಪಟ ಹುಡುಕಬೇಕಾಗಿಲ್ಲ. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ನೂಲು ಬಿಚ್ಚುವ ಘಟಕ, ಬಹು ದೊಡ್ಡ ಗೂಡಿನ ಮಾರುಕಟ್ಟೆ ಎಲ್ಲವೂ ಮಕ್ಕಳ ಓಡಾಟದ ದಾರಿಯಲ್ಲೇ ಇವೆ. ಐದು ಅವಧಿಗಳ ಪಾಠವನ್ನು 5ಇ ಮಾದರಿಯಲ್ಲಿ ಯೋಜಿಸಿದೆ. ಉದ್ದೇಶಗಳು ಮೂರು:

1. ರೇಷ್ಮೆ ಹುಳುವಿನ ಜೀವನಚಕ್ರದ ನಾಲ್ಕು ಹಂತಗಳನ್ನು ಮಕ್ಕಳು ನೋಡಿ, ದಾಖಲಿಸಿ, ವಿವರಿಸುವುದು.
2. ಪೊರೆ ಕಳಚುವುದಕ್ಕೂ ಹದಿಹರೆಯದ ಬದಲಾವಣೆಗೂ ಹಾರ್ಮೋನುಗಳೇ ಕಾರಣ ಎಂಬುದನ್ನು ಹೋಲಿಸುವುದು, ವ್ಯತ್ಯಾಸವನ್ನೂ ಗುರುತಿಸುವುದು.
3. ಮನೆಯ ಕೆಲಸದಿಂದ ಬಂದ ತಿಳಿವನ್ನು ತರಗತಿಯಲ್ಲಿ ಸಂಕೋಚವಿಲ್ಲದೆ ಹೇಳುವುದು.

ತೊಡಗಿಸಿಕೊಳ್ಳುವಿಕೆ ಮತ್ತು ಅನ್ವೇಷಣೆ

ಒಬ್ಬ ವಿದ್ಯಾರ್ಥಿಯ ಮನೆಯವರು ಒಂದು ಸಣ್ಣ ತಟ್ಟೆಯಲ್ಲಿ ಹುಳುಗಳನ್ನು ಕೊಟ್ಟು ಕಳಿಸಿದ್ದರು. ಹುಳುಗಳು ಅಲುಗಾಡದೆ, ತಲೆ ಎತ್ತಿ ಕೂತಿದ್ದವು. ಪಟ್ಟಣದಿಂದ ಬರುವ ಹುಡುಗನೊಬ್ಬ, 'ಹಸಿದಿರಬೇಕು' ಎಂದು ಸೊಪ್ಪು ಹಾಕಲು ಕೈ ಚಾಚಿದ. ಆಗ ಹಿಂದಿನ ಸಾಲಿನಿಂದ, ಎರಡು ವಾರಗಳಿಂದ ಹಾಜರಿಗೆ ಬಿಟ್ಟರೆ ಬೇರೇನಕ್ಕೂ ದನಿ ಎತ್ತದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, 'ಸೊಪ್ಪು ಹಾಕಬೇಡ ಕಣೋ, ಮೂರನೇ ಜ್ವರಕ್ಕೆ ಕೂತವೆ' ಎಂದಳು.

ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಹೇಳುವ ಮಾತು 'ಜ್ವರ'. ಮೊಟ್ಟೆಯೊಡೆದ ಹುಳು ಸುಮಾರು 25 ದಿನಗಳಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಈ ಅವಧಿಯಲ್ಲಿ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತದೆ. ಆದರೆ ಅದರ ಹೊರಪೊರೆ ಅಷ್ಟು ಹಿಗ್ಗುವುದಿಲ್ಲ; ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ಆ ಒಂದು ದಿನ ಹುಳು ತಿನ್ನುವುದಿಲ್ಲ, ನಡೆಯುವುದಿಲ್ಲ. ಅದರೊಳಗೆ ಹೊಸ ಪೊರೆ ತಯಾರಾಗುತ್ತಿರುತ್ತದೆ. ಅನುಭವಸ್ಥ ಸಾಕಣೆದಾರರು ಆಗ ಸೊಪ್ಪು ನಿಲ್ಲಿಸುತ್ತಾರೆ, ಹಾಸಿಗೆ ಒಣಗಲು ಸುಣ್ಣದ ಪುಡಿ ಉದುರಿಸುತ್ತಾರೆ, ಗಾಳಿ ಆಡುವಂತೆ ನೋಡಿಕೊಳ್ಳುತ್ತಾರೆ, ಮುಟ್ಟುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆ ಮತ್ತೆ ಸೊಪ್ಪು ಕೊಡುತ್ತಾರೆ.

ಇದಿಷ್ಟನ್ನೂ ಆ ದಿನ ಹೇಳಿದ್ದು ನಾನಲ್ಲ, ಆ ಹುಡುಗಿ ಮತ್ತು ಸಾಕಣೆ ಮನೆಗಳ ಇನ್ನೂ ನಾಲ್ಕೈದು ಮಕ್ಕಳು. ಎಲ್ಲವೂ ಕನ್ನಡದಲ್ಲಿ. ನಾನು ಕಪ್ಪುಹಲಗೆಯ ಮೇಲೆ ಎರಡು ಸಾಲು ಮಾಡಿದೆ. ಅವರು ಹೇಳಿದ ಮಾತು ಒಂದು ಕಡೆ, ಪುಸ್ತಕದ ಮಾತು ಇನ್ನೊಂದು ಕಡೆ: ಹುಳು – ಲಾರ್ವಾ, ಜ್ವರ – ಮೋಲ್ಟಿಂಗ್, ಗೂಡು – ಕಕೂನ್, ಗೂಡಿನೊಳಗಿನ ಹುಳು – ಪ್ಯೂಪಾ. ನಾಲ್ಕು ಮಕ್ಕಳ ಗುಂಪುಗಳು ಎರಡು ದಿನ ತಟ್ಟೆಯನ್ನು ಗಮನಿಸಿ ಸಮಯ, ಚಲನೆ, ತಲೆಯ ಸ್ಥಿತಿ, ಕಳಚಿದ ಪೊರೆ ಇವನ್ನು ಪಟ್ಟಿಯಲ್ಲಿ ಬರೆದವು. ಪಟ್ಟಿಯನ್ನು ಯಾವ ಭಾಷೆಯಲ್ಲಾದರೂ ತುಂಬಬಹುದಿತ್ತು.

ವಿವರಣೆ

ಮೂರನೇ ಅವಧಿಯಲ್ಲಿ ಹಾರ್ಮೋನುಗಳಿಗೆ ಬಂದೆವು. ಕೀಟಗಳಲ್ಲಿ ಪೊರೆ ಕಳಚುವಂತೆ ಮಾಡುವುದು ಎಕ್ಡೈಸೋನ್. ಇದನ್ನು ಶುದ್ಧ ರೂಪದಲ್ಲಿ ಮೊದಲು ಬೇರ್ಪಡಿಸಿದವರು ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್, 1954ರಲ್ಲಿ, ಅದೂ ರೇಷ್ಮೆ ಹುಳುವಿನ ಕೋಶಗಳಿಂದಲೇ. 500 ಕಿಲೋ ಕೋಶಗಳಿಂದ ಅವರಿಗೆ ದೊರೆತದ್ದು 25 ಮಿಲಿಗ್ರಾಂ. ಮಾರುಕಟ್ಟೆಗೆ ಗೂಡು ಹೊತ್ತು ನೋಡಿದ ಮಕ್ಕಳಿಗೆ 500 ಕಿಲೋ ಎಂದರೆ ಎಷ್ಟು ಎಂಬುದು ಚೆನ್ನಾಗಿ ಗೊತ್ತು. ಅವರು ಬೆರಗಾದದ್ದು 25 ಮಿಲಿಗ್ರಾಂಗೆ. ಅಷ್ಟು ಕಡಿಮೆ ಪ್ರಮಾಣದ ರಾಸಾಯನಿಕ ಇಡೀ ಮೈಯನ್ನು ಬದಲಿಸುತ್ತದೆ ಎಂಬ ಮಾತಿನಿಂದ ನಮ್ಮ ಪಿಟ್ಯುಟರಿ ಗ್ರಂಥಿ, ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಕಡೆಗೆ ಹೋಗುವುದು ಸುಲಭವಾಯಿತು.

ಈ ಹಂತದಲ್ಲಿ ಹೆಸರು ಬರೆಯದೆ ಚೀಟಿ ಹಾಕುವ ಪ್ರಶ್ನೆ ಡಬ್ಬಿಯನ್ನು ಇಟ್ಟೆ. ಮುಟ್ಟಿನ ಬಗ್ಗೆ, ಒಡೆದ ದನಿಯ ಬಗ್ಗೆ, ಮೊಡವೆಯ ಬಗ್ಗೆ ಚೀಟಿಗಳು ಬಂದವು. ಅವನ್ನು ನಿರೀಕ್ಷಿಸಿದ್ದೆ, ಒಂದೊಂದನ್ನೂ ಓದಿ ಉತ್ತರಿಸಿದೆ. ಒಂದು ಚೀಟಿ ಮಾತ್ರ ಪಾಠದ ಹೊರಗಿನದಾಗಿತ್ತು: 'ಏಳನೇ ಕ್ಲಾಸಿನವರೆಗೂ ನಾನೇ ಫಸ್ಟ್. ಇಲ್ಲಿ ಏನೂ ಅರ್ಥ ಆಗಲ್ಲ. ನಾನು ದಡ್ಡಿ ಆಗಿಬಿಟ್ಟಿದ್ದೀನಾ?' ಯಾರದೆಂದು ನಾನು ಹುಡುಕಲಿಲ್ಲ. ತರಗತಿಗೆ ಓದಿ ಹೇಳಿ, 'ಜ್ವರಕ್ಕೆ ಕೂತ ಹುಳುವನ್ನು ನಿಮ್ಮ ಮನೆಯಲ್ಲಿ ಸತ್ತಿದೆ ಎಂದು ಎಸೆಯುತ್ತಾರಾ?' ಎಂದು ಕೇಳಿದೆ. 'ಇಲ್ಲ' ಎಂದರು. ಅಷ್ಟಕ್ಕೇ ಬಿಟ್ಟೆ.

ಹೋಲಿಕೆ ಮುರಿದ ಕಡೆ

ನಾಲ್ಕನೇ ಅವಧಿಯಲ್ಲಿ ಜೀವನಚಕ್ರದ ಚಿತ್ರ ಪೂರ್ಣಗೊಳಿಸುವಾಗ ನೂಲು ಬಿಚ್ಚುವ ಮನೆಯ ಹುಡುಗನೊಬ್ಬ ಕೈ ಎತ್ತಿದ: 'ನಮ್ಮನೇಲಿ ಚಿಟ್ಟೆ ಬರಲ್ಲ ಮಿಸ್. ಗೂಡು ಬೇಯಿಸಿಬಿಡ್ತೀವಿ.'

ಅವನ ಮಾತು ನಿಜ. ಪತಂಗ ಹೊರಬಂದರೆ ಗೂಡು ತೂತಾಗಿ ನೂರಾರು ಮೀಟರಿನ ಒಂದೇ ಎಳೆ ತುಂಡಾಗುತ್ತದೆ. ಆದ್ದರಿಂದ ನೂಲಿನ ಗೂಡನ್ನು ಹಬೆ ಅಥವಾ ಬಿಸಿಗಾಳಿಗೆ ಒಡ್ಡುತ್ತಾರೆ, ಆಮೇಲೆ ಬಿಸಿನೀರಿನಲ್ಲಿ ಬೇಯಿಸಿ ಸೆರಿಸಿನ್ ಎಂಬ ಅಂಟನ್ನು ಮೆದು ಮಾಡಿ ಎಳೆ ಬಿಚ್ಚುತ್ತಾರೆ. ಪುಸ್ತಕದ ಚಕ್ರ ಪೂರ್ತಿಯಾಗುವುದು ಬಿತ್ತನೆ ಗೂಡಿನಲ್ಲಿ ಮಾತ್ರ. ಹಲಗೆಯ ಮೇಲಿನ ಚಕ್ರವನ್ನು ಅಳಿಸದೆ ಗೂಡಿನ ಹಂತದಿಂದ ಎರಡು ದಾರಿಗಳನ್ನು ಬರೆದೆ: ಒಂದು ರಾಮನಗರದ ಮಾರುಕಟ್ಟೆಗೆ, ಇನ್ನೊಂದು ಬಿತ್ತನೆ ಕೋಠಿಗೆ. ಎರಡನೆಯ ದಾರಿಗೆ ಮಾಗಡಿ ಸೀಮೆ ಹೆಸರಾದದ್ದು. ಮಾಗಡಿ, ಕುಣಿಗಲ್ ಕಡೆಯ ರೈತರು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುತ್ತ ಬಂದಿದ್ದಾರೆ. ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪೆಬ್ರಿನ್ ರೋಗಕ್ಕಾಗಿ ಪರೀಕ್ಷಿಸುವ ವಿಧಾನಕ್ಕೆ ಲೂಯಿ ಪಾಶ್ಚರ್ 1865ರಿಂದ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಮಾಡಿದ ಕೆಲಸವೇ ಮೂಲ. ಆ ವಿಧಾನ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿದೆ.

ಚಿಟ್ಟೆಯ ಕಥೆಯ ಪರೀಕ್ಷೆ

ಇಲ್ಲಿ ಇನ್ನೊಬ್ಬಳು ವಿದ್ಯಾರ್ಥಿನಿ ನಾವೆಲ್ಲ ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿರುವ ಕಥೆಯನ್ನು ಎತ್ತಿದಳು. ಒಬ್ಬ ಮನುಷ್ಯ ಕನಿಕರದಿಂದ ಗೂಡನ್ನು ಕತ್ತರಿಸಿ ಚಿಟ್ಟೆಗೆ ಸಹಾಯ ಮಾಡಿದ, ಒದ್ದಾಡದೆ ಹೊರಬಂದ ಚಿಟ್ಟೆ ಹಾರಲಾರದೆ ಹೋಯಿತು. ಆದ್ದರಿಂದ ಕಷ್ಟಪಟ್ಟರೇ ಬಲ ಬರುವುದು, ಸಹಾಯ ಮಾಡಬಾರದು ಎಂಬುದು ಕಥೆಯ ನೀತಿ. 'ಅದು ನಿಜವಾ ಮಿಸ್?' ಎಂದು ಕೇಳಿದಳು.

ವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರ ತಟ್ಟೆಯಲ್ಲೇ ಸಿಗಬೇಕು. ಮಾಗಡಿ ಕಡೆಯ ಸಂಬಂಧಿಕರಿಂದ ವಿದ್ಯಾರ್ಥಿಯೊಬ್ಬ ಹತ್ತು ಬಿತ್ತನೆ ಗೂಡು ತಂದ. ಐದನ್ನು ತುದಿಯಲ್ಲಿ ನಾನೇ ಬ್ಲೇಡಿನಿಂದ ಕತ್ತರಿಸಿ ಕೋಶಗಳನ್ನು ಹೊರತೆಗೆದೆ, ಐದನ್ನು ಹಾಗೇ ಬಿಟ್ಟೆವು. ಕೆಲವು ದಿನಗಳಲ್ಲಿ ಎರಡೂ ಗುಂಪಿನಿಂದ ಪತಂಗಗಳು ಬಂದವು, ರೆಕ್ಕೆ ಬಿಡಿಸಿದವು. ಮಕ್ಕಳ ಪಟ್ಟಿಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹತ್ತು ಗೂಡು ಚಿಕ್ಕ ಸಂಖ್ಯೆ. ಆದರೆ ಬಿತ್ತನೆ ಕೋಠಿಗಳಲ್ಲಿ ಹೆಣ್ಣು ಗಂಡು ಬೇರ್ಪಡಿಸಲು ಗೂಡು ಕತ್ತರಿಸಿ ಕೋಶ ತೆಗೆಯುವುದು ವಾಡಿಕೆಯ ಕೆಲಸ. ಆ ಪತಂಗಗಳೇ ಮುಂದೆ ಮೊಟ್ಟೆಯಿಡುತ್ತವೆ. ಗೂಡಿನೊಳಗಿನ ಪತಂಗ ಕೂಡ ಬಲದಿಂದ ಗೋಡೆ ಒಡೆಯುವುದಿಲ್ಲ, ಬಾಯಿಂದ ದ್ರವ ಬಿಟ್ಟು ಎಳೆಗಳ ಅಂಟನ್ನು ಮೆದು ಮಾಡಿಕೊಂಡು ಹೊರಬರುತ್ತದೆ. ಸಾಕಿದ ರೇಷ್ಮೆ ಪತಂಗ ಗೂಡು ಕತ್ತರಿಸಿದರೂ ಬಿಟ್ಟರೂ ಹಾರುವುದಿಲ್ಲ ಎಂಬುದನ್ನೂ ಮಕ್ಕಳು ಬರೆದುಕೊಂಡರು. ನಮ್ಮ ಪ್ರಯೋಗ ರೇಷ್ಮೆ ಪತಂಗದ ಬಗ್ಗೆ ಮಾತ್ರ ಹೇಳುತ್ತದೆ, ಎಲ್ಲ ಚಿಟ್ಟೆಗಳ ಬಗ್ಗೆ ಅಲ್ಲ ಎಂಬ ತೀರ್ಮಾನವನ್ನು ಅವರಿಂದಲೇ ಬರೆಸಿದೆ.

ಈ ಕಥೆಯನ್ನು ಪರೀಕ್ಷಿಸುವುದು ನಮ್ಮ ಸೀಮೆಯಲ್ಲಿ ಬರಿಯ ಕುತೂಹಲದ ವಿಷಯವಲ್ಲ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿತು. ಕುದಿನೀರಿನ ತೊಟ್ಟಿಯಲ್ಲಿ ಎಳೆ ಹುಡುಕಿದ ಆ ಕೈಗಳು ಕಡಿಮೆ ಕಷ್ಟಪಟ್ಟವೇನಲ್ಲ. ಅವರಿಗೆ ಬೇಕಾಗಿದ್ದದ್ದು ಶಾಲೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, 14 ವರ್ಷದೊಳಗಿನವರನ್ನು ಯಾವ ಉದ್ಯೋಗದಲ್ಲೂ ದುಡಿಸಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ. ಕಷ್ಟವೇ ಮಕ್ಕಳನ್ನು ಬೆಳೆಸುತ್ತದೆ ಎಂದು ಪ್ರಾರ್ಥನಾ ಸಭೆಯಲ್ಲಿ ಹೇಳುವ ಮುನ್ನ ಶಿಕ್ಷಕರಾದ ನಾವು ಇದನ್ನು ನೆನೆಯಬೇಕು.

ತರಗತಿಗೆ ಅನ್ವಯ

ಹುಳು ಸಾಕುವವರಿಂದ ಕಲಿತದ್ದನ್ನು ಉಳಿದ ವಾರಗಳಲ್ಲಿ ಹೀಗೆ ಅನ್ವಯಿಸಿದೆ.

ಒಂದು, ಸೊಪ್ಪು ನಿಲ್ಲಿಸುವುದು. ಮಾತಾಡದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಉತ್ತರ ಕೇಳುವುದನ್ನು ಕೈಬಿಟ್ಟೆ. ಅವರು ಚಿತ್ರ, ಪಟ್ಟಿ, ಕನ್ನಡದ ವಾಕ್ಯ ಯಾವುದರಲ್ಲಾದರೂ ಉತ್ತರಿಸಬಹುದಿತ್ತು.

ಎರಡು, ಹಾಸಿಗೆ ಒಣಗಿಸುವುದು. ತಪ್ಪು ಉತ್ತರಕ್ಕೆ ನಗುವಂತಿಲ್ಲ ಎಂಬ ನಿಯಮವನ್ನು ಮಕ್ಕಳೇ ಬರೆದು ಗೋಡೆಗೆ ಅಂಟಿಸಿದರು. ಜೋಡಿ ಪದಗಳ ಪಟ್ಟಿಯೂ ಅದರ ಪಕ್ಕದಲ್ಲೇ ಬೆಳೆಯಿತು.

ಮೂರು, ಎದ್ದ ಮೇಲೆ ಎಳೆ ಸೊಪ್ಪಿನಿಂದ ಆರಂಭ. ಚಾಕಿ ಕೇಂದ್ರಗಳು ಮರಿ ಹುಳುಗಳಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಟ್ಟು, ಎರಡನೇ ಜ್ವರ ದಾಟಿಸಿ ರೈತರಿಗೆ ಒಪ್ಪಿಸುತ್ತವೆ. ಹಾಗೆಯೇ ಮೊದಲು ತಾನೇ ಬರೆದ ಪಟ್ಟಿಯಿಂದ ಒಂದು ಸಾಲು ಓದುವುದು, ಮರುದಿನ ಎರಡು. ಜ್ವರದ ಮಾತು ಹೇಳಿದ ಹುಡುಗಿ ಕೊನೆಯ ಅವಧಿಯಲ್ಲಿ ತಟ್ಟೆಯ ದಾಖಲೆಯಿಂದ ಮೂರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಓದಿದಳು, ನಾಲ್ಕನೆಯದನ್ನು ಕನ್ನಡದಲ್ಲಿ ಸೇರಿಸಿದಳು. ಮೌಲ್ಯಮಾಪನದ ನಮೂನೆಯಲ್ಲಿ ಇದಕ್ಕೆ ಅಂಕವಿಲ್ಲ, ಆದರೂ ನನ್ನ ವೀಕ್ಷಣಾ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಟ್ಟಿದ್ದೇನೆ.

ಮಿತಿಗಳು

ಹೋಲಿಕೆಯನ್ನು ಎಳೆದಷ್ಟೂ ಎಳೆಯಬಾರದು. ಒಂದೇ ದಿನ ಹುಟ್ಟಿದ ಹುಳುಗಳು ಹೆಚ್ಚುಕಡಿಮೆ ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಮಕ್ಕಳು ಹಾಗಲ್ಲ. ಒಬ್ಬರಿಗೆ ಒಂದು ವಾರ ಸಾಕು, ಇನ್ನೊಬ್ಬರಿಗೆ ಒಂದು ವರ್ಷ ಬೇಕು.

ಎಲ್ಲ ಮೌನವೂ ಜ್ವರವಲ್ಲ ಎಂಬುದು ಇನ್ನೂ ಮುಖ್ಯ. ಸಾಕಣೆದಾರರು ತಲೆ ಎತ್ತಿ ಕೂತ ಹುಳುವನ್ನೂ ರೋಗದಿಂದ ಸೋತು ಮಲಗಿದ ಹುಳುವನ್ನೂ ಒಂದೇ ನೋಟಕ್ಕೆ ಬೇರೆ ಮಾಡುತ್ತಾರೆ. ಕಾದರೆ ಮೊದಲನೆಯದು ಏಳುತ್ತದೆ. ಎರಡನೆಯದಕ್ಕೆ ಕಾಯುವುದು ಅಪಾಯ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಒಟ್ಟು ಸೊಪ್ಪಿನ ಬಹುಪಾಲನ್ನು ತಿನ್ನುತ್ತವೆ. ಆ ದಿನಗಳಲ್ಲಿ ಸಾಕಣೆ ಮನೆಯ ಮಕ್ಕಳು ರಾತ್ರಿಯೂ ದುಡಿದು ತರಗತಿಯಲ್ಲಿ ತೂಗುತ್ತಾರೆ, ಕೆಲವರು ಬರುವುದೇ ಇಲ್ಲ. ಹಸಿವು, ಮನೆಯ ಜಗಳ, ಕಣ್ಣಿನ ದೋಷ, ಹಿಂಸೆ ಇವೂ ಮಕ್ಕಳನ್ನು ಮೌನವಾಗಿಸುತ್ತವೆ. ಇಂಥಲ್ಲಿ ಕಾಯದೆ ತರಗತಿ ಶಿಕ್ಷಕರಿಗೆ ತಿಳಿಸಬೇಕು, ಪೋಷಕರನ್ನು ಕಾಣಬೇಕು. ಅಗತ್ಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು. ಹಾಜರಿ ಪುಸ್ತಕವನ್ನು ಊರಿನ ಬೆಳೆಯ ಲೆಕ್ಕದೊಂದಿಗೆ ಇಟ್ಟು ಓದಿದರೆ ಯಾವ ಗೈರು ಯಾತರದ್ದು ಎಂಬುದು ಸುಮಾರಾಗಿ ತಿಳಿಯುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳ ಚರ್ಚೆಗೆ

1. ನಿಮ್ಮ ಅಭ್ಯಾಸ ಶಾಲೆಯ ಮಕ್ಕಳ ಮನೆಯ ಕಸುಬಿನಲ್ಲಿ ಪಠ್ಯದ ಯಾವ ಪರಿಕಲ್ಪನೆ ಈಗಾಗಲೇ ಇದೆ? ಅದಕ್ಕೆ ಅವರು ಬಳಸುವ ಪದಗಳಾವುವು? (ಚನ್ನಪಟ್ಟಣದಲ್ಲಿದ್ದರೆ, ತಿರುಗುವ ಮರಕ್ಕೆ ಅರಗು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅದು ಕರಗುವುದನ್ನು ನೋಡಿ ಬನ್ನಿ.)
2. ನೀವು ಪ್ರಾರ್ಥನಾ ಸಭೆಯಲ್ಲಿ ಹೇಳುವ ಒಂದು ಪ್ರೇರಣೆಯ ಕಥೆಯನ್ನು ಮಕ್ಕಳು ಪ್ರಯೋಗದಿಂದ ಪರೀಕ್ಷಿಸಬಹುದೇ?
3. ನಿಮ್ಮ ತರಗತಿಯಲ್ಲಿ ಮಾತಾಡದ ಮೂವರು ಮಕ್ಕಳನ್ನು ಒಂದು ವಾರ ಗಮನಿಸಿ. ಯಾರ ಮೌನಕ್ಕೆ ಕಾಯಬೇಕು, ಯಾರ ಮೌನಕ್ಕೆ ಕಾಯಬಾರದು? ನಿಮ್ಮ ತೀರ್ಮಾನಕ್ಕೆ ಆಧಾರವೇನು?

ಮೂರನೆಯ ಪ್ರಶ್ನೆಯನ್ನು ಮಾರ್ಗದರ್ಶಕ ಶಿಕ್ಷಕರೊಂದಿಗೆ ಕುಳಿತು ಬಿಡಿಸುವುದು ಒಳ್ಳೆಯದು. ಅವರು ಆ ಮಕ್ಕಳನ್ನು ನಮಗಿಂತ ಹೆಚ್ಚು ದಿನ ನೋಡಿದ್ದಾರೆ. ನಾವು ಅಭ್ಯಾಸ ಮುಗಿಸಿ ಹೊರಟ ಮೇಲೂ ನೋಡುತ್ತಿರುತ್ತಾರೆ.